ಮಳೆ ನನ್ನದು, ನೆಲ ನಿನ್ನದು

"ಇನ್ನೂ ಚಾಚು."

"ಮೇಡಂ, ಇದು ಕೈ. ರಬ್ಬರ್ ಅಲ್ಲ."

"ಚಾಚು ಅಂದೆ."

ಎಂಜಿನಿಯರ್ ಹಲ್ಲು ಕಚ್ಚಿಕೊಂಡು ಬಲಗೈ ಚಾಚಿದ. ಎಡ ಸೀಟಿನಿಂದ ಹೊರಟ ಬೆರಳು ನಡುವಿನ ಹಿಡಿಕೆಗಳನ್ನು ದಾಟಿ, ಬಲಗಡೆಯ ಪರದೆಯ ಅಂಚಿನವರೆಗೆ ಹೋಗಿ, ಅಲ್ಲೇ ನಡುಗುತ್ತ ನಿಂತಿತು. ಅವನು ಒತ್ತಬೇಕಾಗಿದ್ದ ಗುಂಡಿ ಪರದೆಯ ಆಚೆ ಬದಿಯಲ್ಲಿ, ಇನ್ನೂ ಒಂದು ಗೇಣು ದೂರದಲ್ಲಿತ್ತು. ಹೆಗಲ ಬೆಲ್ಟು, ಸೊಂಟದ ಬೆಲ್ಟು ಸೇರಿ ಅವನನ್ನು ಕಟ್ಟಿದ ಮೂಟೆಯ ಹಾಗೆ ಸೀಟಿಗೆ ಬಿಗಿದಿದ್ದವು.

ಬಲ ಸೀಟಿನಲ್ಲಿ ಕೂತಿದ್ದ ತನಿಖಾಧಿಕಾರಿ ಆ ಒಂದು ಗೇಣನ್ನೇ ನೋಡುತ್ತಿದ್ದಳು.

ಅದು ಹಾರದ ವಿಮಾನ. ಪೈಲಟ್‌ಗಳ ತರಬೇತಿಗೆಂದು ಶೆಡ್ಡಿನೊಳಗೆ ಕಬ್ಬಿಣದ ಕಾಲುಗಳ ಮೇಲೆ ನಿಲ್ಲಿಸಿದ ಕಾಕ್‌ಪಿಟ್. ಇದರ ಅಚ್ಚಿನಂತೆಯೇ ಇದ್ದ ನಿಜವಾದ ವಿಮಾನ ಹೋದ ವಾರ ಮೋಡದೊಳಗೆ ಇಳಿಯುವಾಗ ಗುಡ್ಡದ ನೆತ್ತಿ ಸವರಿ, ಚಕ್ರದ ಸಂದಿಯಲ್ಲಿ ಹಸಿರು ಟೊಂಗೆಯೊಂದನ್ನು ಸಿಕ್ಕಿಸಿಕೊಂಡು, ಹೇಗೋ ಮೇಲೆದ್ದು ಬಂದಿತ್ತು. ಒಳಗಿದ್ದ ಯಾರಿಗೂ ಏನೂ ಆಗಿರಲಿಲ್ಲ. ಎಡ ಸೀಟಿನಲ್ಲಿ ಕ್ಯಾಪ್ಟನ್ ಆಗಿ ಅಕ್ಕ, ಬಲ ಸೀಟಿನಲ್ಲಿ ಸಹಪೈಲಟ್ ಆಗಿ ತಂಗಿ. ಇಳಿಸುತ್ತಿದ್ದವಳು ತಂಗಿ. ಇವತ್ತು ಮಧ್ಯಾಹ್ನದ ಸಭೆಯಲ್ಲಿ ಅವಳ ಲೈಸೆನ್ಸ್ ಹೋಗುವುದು ಖಾತ್ರಿ ಎಂದು ಕ್ಯಾಂಟೀನಿನವರಿಗೂ ಗೊತ್ತಾಗಿತ್ತು.

"ಅಲ್ಲಿಗೆ ಮುಗೀತು ಮೇಡಂ," ಎಂಜಿನಿಯರ್ ಕೈ ಹಿಂದೆಗೆದು ಭುಜ ತಿಕ್ಕಿಕೊಂಡ. "ಎಡಗಡೆಯಿಂದ ಆ ಗುಂಡಿ ಎಟುಕಲ್ಲ. ಗಗನಸಖಿ ಕೂತಿದ್ದ ಮಡಚು ಸೀಟು ಬಾಗಿಲ ಹತ್ರ, ಅವಳಿಗಂತೂ ಎಟುಕೋದೇ ಇಲ್ಲ, ಬಾಗಿಲ ಕಿಂಡೀಲಿ ಹೊರಗೆ ನೋಡ್ತಿದ್ದೆ ಅಂತಾಳೆ. ತಂಗೀನೇ ಒತ್ತಿರೋದು. ಒತ್ತಿ ಮರೆತಿದಾಳೆ."

"ಮರೆತವಳಿಗೆ ಕಣ್ಣ ಮುಂದೆ ಇರೋ ಪರದೆ ಕಾಣಲ್ವಾ?"

"ಅದೇ ನಂಗೂ ಅರ್ಥ ಆಗಿಲ್ಲ."

ತನಿಖಾಧಿಕಾರಿ ಬಲಗಡೆಯ ಗುಂಡಿ ಒತ್ತಿದಳು. "ಏನು ಕಾಣ್ತಿದೆ?"

"ಕಪ್ಪು."

ಮತ್ತೊಮ್ಮೆ ಒತ್ತಿದಳು. "ಈಗ?"

"ಈಗಲೂ ಕಪ್ಪೇ."

"ಮೂಲೆ ನೋಡು."

ಅವನು ಕತ್ತು ಚಾಚಿದ; ಬೆಲ್ಟು ಬಿಡಲಿಲ್ಲ, ಅವಳೇ ಓದಿ ಹೇಳಿದಳು. ಪರದೆಯ ಕೆಳಮೂಲೆಯಲ್ಲಿ ಸಾಸಿವೆಯಷ್ಟು ಚಿಕ್ಕ ಹಸಿರು ಅಕ್ಷರಗಳು ಬದಲಾಗಿದ್ದವು. ಮೊದಲು ನೆಲದ ನಕ್ಷೆ ಎಂದಿದ್ದದ್ದು ಈಗ ಮಳೆಯ ರಾಡಾರ್ ಎಂದಾಗಿತ್ತು. ಅಷ್ಟೇ ವ್ಯತ್ಯಾಸ.

ನೆಲದ ನಕ್ಷೆ ಗುಡ್ಡ ಹತ್ತಿರ ಬಂದರೆ ಮಾತ್ರ ಬಣ್ಣ ತೋರಿಸುತ್ತದೆ. ನೆಲ ದೂರ ಇದ್ದರೆ ಕಪ್ಪು. ಮಳೆಯ ರಾಡಾರ್ ನೀರು ಇದ್ದರೆ ಮಾತ್ರ ಬಣ್ಣ ತೋರಿಸುತ್ತದೆ. ಒಣ ಮೋಡವಿದ್ದರೆ ಅದೂ ಕಪ್ಪು. ಒಂದು ಕಪ್ಪಿಗೆ 'ಗುಡ್ಡ ಇಲ್ಲ' ಎಂದು ಅರ್ಥ, ಇನ್ನೊಂದಕ್ಕೆ 'ಮಳೆ ಇಲ್ಲ' ಎಂದು. ಮೂಲೆ ನೋಡದ ಪೈಲಟ್‌ಗೆ ಎರಡೂ ಒಂದೇ.

ಅದಕ್ಕೇ ಗುಡ್ಡಗಾಡಿನ ಊರಿಗೆ ಇಳಿಯುವ ಮೊದಲು ಕೆಲಸ ಹಂಚಿಕೊಳ್ಳುವ ಪದ್ಧತಿ. ಒಬ್ಬರ ಪರದೆಯಲ್ಲಿ ಮಳೆ, ಇನ್ನೊಬ್ಬರದರಲ್ಲಿ ನೆಲ. ಕಾಕ್‌ಪಿಟ್ಟಿನ ಧ್ವನಿಮುದ್ರಣದಲ್ಲಿ ಅಕ್ಕನ ದನಿ ಸ್ಪಷ್ಟವಾಗಿ ಕೇಳಿಸಿತ್ತು: "ಮಳೆ ನಂದು, ನೆಲ ನಿಂದು." ತಂಗಿಯ ಉತ್ತರ: "ನೆಲ ನಂದು." ಆಮೇಲೆ ತಂಗಿ ಮುಖ ತೊಳೆಯಲು ಹೊರಗೆ ಹೋಗಿದ್ದಳು, ನಿಯಮದ ಪ್ರಕಾರ ಗಗನಸಖಿ ಒಳಗೆ ಬಂದು ಕೂತಿದ್ದಳು, ತಂಗಿ ವಾಪಸು ಬಂದಳು, ವಿಮಾನ ಇಳಿಯತೊಡಗಿತು. ಇದರ ನಡುವೆ ಎಲ್ಲೋ ಒಂದು ಕಡೆ ಬಲಗಡೆಯ ಪರದೆ ನೆಲದಿಂದ ಮಳೆಗೆ ತಿರುಗಿತ್ತು. ಎಲ್ಲಿ ಎಂಬುದು ಹಾರಾಟವನ್ನು ದಾಖಲಿಸುವ ದೊಡ್ಡ ಪೆಟ್ಟಿಗೆಗೆ, ಅಂದರೆ ಬ್ಲ್ಯಾಕ್ ಬಾಕ್ಸಿಗೆ, ಗೊತ್ತಿರಲಿಲ್ಲ. ಅದು ಪರದೆಯ ಸ್ಥಿತಿಯನ್ನು ಆಗೊಮ್ಮೆ ಈಗೊಮ್ಮೆ ಮಾತ್ರ ಬರೆದುಕೊಳ್ಳುತ್ತದೆ. ಗುಂಡಿ ಒತ್ತಿದ ಕ್ಷಣ ದಾಖಲಾಗುವ, ಪರದೆಯದ್ದೇ ಒಂದು ಚಿಕ್ಕ ಮೆಮೊರಿ ಚಿಪ್ಪಿತ್ತು. ಅದನ್ನು ಬಿಡಿಸುವ ಕೆಲಸ ಲ್ಯಾಬಿನಲ್ಲಿ ನಡೆಯುತ್ತಿತ್ತು.

"ಒಂದು ನಿಮಿಷ ಬೆಲ್ಟ್ ಬಿಚ್ತೀನಿ ಮೇಡಂ. ಊಟ ಗಂಟಲಿಗೆ ಬಂತು." ಎಂಜಿನಿಯರ್ ಹೊಟ್ಟೆಯ ಮೇಲಿನ ಬಕಲ್ ತಿರುಗಿಸಿದ.

ಟಕ್. ಅದರ ಹಿಂದೆಯೇ ನಾಲ್ಕು ಬೆಲ್ಟುಗಳು ಸೀಟಿಗೆ ಬಡಿದ ಸದ್ದು.

ತನಿಖಾಧಿಕಾರಿ ಥಟ್ಟನೆ ಅವನ ಕಡೆ ತಿರುಗಿದಳು.

"ಮತ್ತೆ ಹಾಕು."

"ಅಯ್ಯೋ."

"ಹಾಕಿ ಬಿಚ್ಚು."

ಟಕ್, ಪಟಪಟ.

ಆ ಸದ್ದನ್ನು ಅವಳು ಧ್ವನಿಮುದ್ರಣದಲ್ಲಿ ಕೇಳಿದ್ದಳು. ತಂಗಿ ಹೊರಗೆ ಹೋದ ಮೇಲೆ, ವಾಪಸು ಬರುವ ಮೊದಲು. ಬಾಗಿಲ ಚಿಲಕ ಇರಬೇಕೆಂದು ಬಿಟ್ಟಿದ್ದಳು. ಆದರೆ ಬಾಗಿಲಿಗೆ ಪಟಪಟ ಎಲ್ಲಿಂದ ಬರಬೇಕು? ಅದೂ ಅಲ್ಲದೆ ಆ ಸದ್ದು ಎಡ ಸೀಟಿನ ಮೈಕಿನಲ್ಲೇ ಜೋರಾಗಿತ್ತು.

"ಈಗ ಕೈ ಚಾಚು."

ಬೆಲ್ಟಿಲ್ಲದ ಎಂಜಿನಿಯರ್ ಸುಮ್ಮನೆ ಬಲಕ್ಕೆ ವಾಲಿದ. ಬೆರಳು ಗುಂಡಿಯ ಮೇಲೆ ಹೋಗಿ ಕೂತಿತು.

ಇಬ್ಬರೂ ಅದನ್ನು ನೋಡಿದರು.

"ಒಬ್ಬಳೇ ಇರೋ ಕ್ಯಾಪ್ಟನ್ ಸೀಟ್ ಬಿಟ್ಟು ಏಳೋ ಹಾಗಿಲ್ಲ," ಅವಳು ಮೆಲ್ಲಗೆ ಹೇಳಿದಳು. "ಏಳೋ ಹಾಗಿಲ್ಲದವಳು ಬೆಲ್ಟ್ ಯಾಕೆ ಬಿಚ್ಚಬೇಕು?"

"ನನ್ನ ಹಾಗೆ ಹೊಟ್ಟೆ ಬಿಗಿದಿರಬಹುದು."

"ಅವಳಿಗೆಲ್ಲಿದೆ ಹೊಟ್ಟೆ?"

"ಹೊಟ್ಟೆ ಇಲ್ದಿದ್ರೇನು ಮೇಡಂ, ಹೊಟ್ಟೆಕಿಚ್ಚಿದೆಯಲ್ಲ. ಮುಂದಿನ ವಾರ ತಂಗೀಗೆ ನಾಲ್ಕನೇ ಪಟ್ಟಿ ಬರೋದಿತ್ತು. ಈ ಕಂಪನೀಲಿ ಅಷ್ಟು ಚಿಕ್ಕ ವಯಸ್ಸಿಗೆ ಕ್ಯಾಪ್ಟನ್ ಆದೋರು ಇನ್ನೊಬ್ರಿಲ್ಲ."

ಅವನು ನಗುತ್ತ ಹೇಳಿದ. ಅವಳು ನಗಲಿಲ್ಲ.

ಬೆನ್ನ ಹಿಂದೆ ಜನ ಈ ತನಿಖಾಧಿಕಾರಿಯನ್ನು ಒಂಟಿಕಿವಿ ಎನ್ನುತ್ತಿದ್ದರು. ಒಂದು ಜ್ವರಕ್ಕೆ ಎಡಗಿವಿ ಹೋಗಿ, ಅದರ ಜೊತೆಗೇ ಅವಳ ಪೈಲಟ್ ಲೈಸೆನ್ಸೂ ಹೋಗಿತ್ತು. ಜೊತೆಗೆ ಕಲಿತವರು ಈಗ ದೊಡ್ಡ ದೊಡ್ಡ ವಿಮಾನ ಹಾರಿಸುತ್ತಿದ್ದರು. ಯಾರ ಹೆಗಲ ಮೇಲಾದರೂ ನಾಲ್ಕು ಬಂಗಾರದ ಪಟ್ಟಿ ಕಂಡರೆ ಅವಳ ಎದೆಯಲ್ಲಿ ಒಂದು ಕಡ್ಡಿ ಗೀರಿದಂತಾಗುತ್ತಿತ್ತು. ಅದು ಯಾರಿಗೂ ಕಾಣದಂತೆ ಬದುಕುವುದನ್ನು ಅವಳು ಕಲಿತಿದ್ದಳು. ಅಕ್ಕನೂ ಕಲಿತಿರಬೇಕು.

"ಲ್ಯಾಬಿಗೆ ಹೋಗು. ಚಿಪ್ಪು ಬಾಯಿಬಿಟ್ಟ ತಕ್ಷಣ ಫೋನ್ ಮಾಡು," ಎಂದು ಅವಳು ಎದ್ದಳು.

ಕಚೇರಿಯ ಪಡಸಾಲೆಯಲ್ಲಿ ಕಂಪನಿಯ ಪತ್ರಿಕೆಯ ಮುಖಪುಟವನ್ನು ದೊಡ್ಡದಾಗಿ ಅಚ್ಚು ಹಾಕಿಸಿ ತೂಗುಹಾಕಿದ್ದರು. ವಿಮಾನದ ಮೂತಿಯ ಮುಂದೆ ಅಕ್ಕ, ತಂಗಿ. ಇಬ್ಬರನ್ನೂ ಒಂದೇ ಕಾಕ್‌ಪಿಟ್ಟಿನಲ್ಲಿ ಕೂರಿಸಿದ್ದೇ ಈ ಚಿತ್ರಕ್ಕಾಗಿ. ತಂಗಿ ಮುಂದೆ ನಿಂತು ಬಿಸಿಲಿಗೆ ನಗುತ್ತಿದ್ದಳು. ಅವಳ ಟೋಪಿಯ ಅಂಚು ಅಕ್ಕನ ಅರ್ಧ ಮುಖವನ್ನು ನುಂಗಿತ್ತು. ಚಿತ್ರ ತೆಗೆದವನಾಗಲಿ ಅಚ್ಚು ಹಾಕಿದವನಾಗಲಿ ಅದನ್ನೊಂದು ಕೊರತೆ ಎಂದುಕೊಂಡಿರಲಿಲ್ಲ.

ಚಿತ್ರದ ಕೆಳಗಿನ ಬೆಂಚಿನಲ್ಲಿ ಅವರ ತಾಯಿ. ತಂಗಿಯ ಕೈ ತಾಯಿಯ ಮಡಿಲಲ್ಲಿತ್ತು. ಬೆಂಚಿನಲ್ಲಿ ಇನ್ನೂ ಇಬ್ಬರು ಕೂರುವಷ್ಟು ಜಾಗವಿದ್ದರೂ ಅಕ್ಕ ಕಿಟಕಿಯ ಬಳಿ ನಿಂತಿದ್ದಳು.

"ಅಮ್ಮಾ, ತನಿಖೆ ಮಾಡೋರು ನೀವೇ ಅಲ್ವಾ?" ತಾಯಿ ಎದ್ದು ಬಂದರು. "ಚಿಕ್ಕವಳ ಬಾಳು ಹಾಳು ಮಾಡಬೇಡಿ. ದೊಡ್ಡವಳು ಗಟ್ಟಿ, ಏನು ಬಂದ್ರೂ ತಡ್ಕೋತಾಳೆ. ಇವಳು ಹೂವಿನಂಥವಳು."

"ಅಮ್ಮಾ, ಸುಮ್ನಿರು," ಎಂದಳು ತಂಗಿ. ಅವಳ ಮುಖ ಆಗಷ್ಟೇ ತೊಳೆದಂತಿತ್ತು. ಭಯ ಇರಬೇಕಾದ ಕಡೆ ಒಂದು ಬಗೆಯ ತಾಳ್ಮೆ ಇತ್ತು.

ಕಿಟಕಿಯ ಬಳಿ ಅಕ್ಕ ತಿರುಗಲಿಲ್ಲ. ಆದರೆ ಕಿವಿಯ ಹಿಂಭಾಗ ಕೆಂಪಾಯಿತು.

"ಕ್ಯಾಪ್ಟನ್, ಒಳಗೆ ಬನ್ನಿ," ಎಂದಳು ಒಂಟಿಕಿವಿ.

ಕೋಣೆ ಚಿಕ್ಕದು. ಒಂದು ಮೇಜು, ಎರಡು ಕುರ್ಚಿ, ಗೋಡೆಗೆ ಒರಗಿಸಿಟ್ಟ ಮುರಿದ ಫ್ಯಾನು. ಒಂಟಿಕಿವಿ ತನ್ನ ಒಳ್ಳೆಯ ಕಿವಿ ಅಕ್ಕನ ಕಡೆಗೆ ಬರುವಂತೆ ಕುರ್ಚಿ ತಿರುಗಿಸಿಕೊಂಡಳು.

"ಎಷ್ಟು ಸಲ ಕೇಳ್ತೀರ?" ಅಕ್ಕ ಕೂರುತ್ತಲೇ ಶುರು ಮಾಡಿದಳು. "ನೆಲ ನಿಂದು ಅಂತ ಹೇಳಿದೀನಿ. ರೆಕಾರ್ಡಲ್ಲಿದೆ. ಅವಳು ನೋಡ್ಲಿಲ್ಲ."

"ಹೌದು, ಹೇಳಿದೀರ."

"ಮತ್ತೆ? ಹಾರೋರನ್ನ ಕಂಡ್ರೆ ನಿಮಗೆ ಉರಿಯುತ್ತೆ ಅಂತ ಎಲ್ರೂ ಹೇಳ್ತಾರೆ. ನಿಜ ಅಂತ ಈಗ ಗೊತ್ತಾಯ್ತು."

"ಉರಿಯುತ್ತೆ," ಎಂದಳು ಒಂಟಿಕಿವಿ. "ಅದಕ್ಕೇ ಬೇರೆಯವರ ಮನೆ ಹೊಗೆ ನನಗೆ ಬೇಗ ಗೊತ್ತಾಗೋದು."

ಅಕ್ಕ ಕುರ್ಚಿಯಲ್ಲಿ ಹಿಂದಕ್ಕೆ ಸರಿದಳು.

"ತಂಗಿ ಹೊರಗೆ ಹೋದಾಗ ನೀವು ಬೆಲ್ಟ್ ಬಿಚ್ಚಿದ್ರಿ."

ಅಕ್ಕನ ಬಲಗೈ ತಾನಾಗಿಯೇ ಮೇಲೆದ್ದು ಹೆಗಲ ಮೇಲಿನ ನಾಲ್ಕು ಪಟ್ಟಿಗಳನ್ನು ಮುಟ್ಟಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗಾದೆ ಒಂಟಿಕಿವಿಗೆ ನೆನಪಾಯಿತು. ಹೀಗೆ ಮುಟ್ಟಿಕೊಂಡವರನ್ನು ನೋಡಿದಾಗಲೆಲ್ಲ ಅವಳಿಗೆ ಗೆದ್ದ ಖುಷಿ ಆಗುತ್ತಿತ್ತು. ಇವತ್ತು ಆಗಲಿಲ್ಲ.

"ಬಿಚ್ಚಿದೆ," ಎಂದಳು ಅಕ್ಕ.

"ಬಲಕ್ಕೆ ಬಾಗಿದ್ರಿ."

"ಬಾಗಿದೆ."

"ಗುಂಡಿ ಒತ್ತಿದ್ರಿ."

"ಇಲ್ಲ."

"ಮತ್ತೆ ಬಾಗಿದ್ದು ಯಾಕೆ? ಸೊಂಟ ನೋವಾ?"

"ನೋಡೋಕೆ." ಅಕ್ಕನ ದನಿ ಒಣಗಿತ್ತು. "ಅವಳ ಪರದೆ ನೋಡೋಕೆ. ಅವಳು ಶಾಲೆಗೆ ಹೋಗೋವಾಗಿಂದ ಅವಳ ಲೆಕ್ಕ ನಾನೇ ನೋಡ್ತಾ ಬಂದಿದೀನಿ. ಅವಳ ಶೂ ಲೇಸು ನಾನು ಕಟ್ಟಿದೀನಿ, ಮೊದಲನೇ ಸಲ ಅವಳನ್ನ ಕಾಕ್‌ಪಿಟ್ಟಲ್ಲಿ ಕೂರಿಸಿದ್ದೂ ನಾನೇ. ಅವಳು ಎದ್ದು ಹೋದ್ರೆ ನನ್ನ ಕತ್ತು ತಾನಾಗೇ ಆ ಕಡೆ ತಿರುಗುತ್ತೆ. ಏನು ಬಿಟ್ಟಿದಾಳೆ, ಏನು ಮರೆತಿದಾಳೆ ಅಂತ. ಅಭ್ಯಾಸ. ನನ್ನ ಸೀಟಿಂದ ಮೂಲೆ ಅಕ್ಷರ ಕಾಣಲ್ಲ, ಅದಕ್ಕೇ ಬೆಲ್ಟ್ ಬಿಚ್ಚಿದ್ದು."

"ಪರದೇಲಿ ಏನಿತ್ತು?"

"ಕಪ್ಪು."

"ಮೂಲೇಲಿ?"

ಅಕ್ಕ ಮೇಜಿನ ಅಂಚನ್ನು ಉಗುರಿನಿಂದ ಕೆರೆದಳು. "ಮಳೆ ಅಂತ ಇತ್ತು."

"ಆಗ್ಲೇ?"

"ಆಗ್ಲೇ."

"ನೀವೇನು ಮಾಡಿದ್ರಿ?"

"ಬೆಲ್ಟ್ ಹಾಕ್ಕೊಂಡೆ."

ಹೊರಗೆ ಪಡಸಾಲೆಯಲ್ಲಿ ಯಾರೋ ಕೆಮ್ಮಿದರು. ಒಂಟಿಕಿವಿ ಕಾದಳು. ಈ ಕೆಲಸದಲ್ಲಿ ಅವಳು ಕಲಿತದ್ದು ಅದೊಂದೇ: ಬಾಯಿ ತೆರೆದವರ ಮುಂದೆ ತನ್ನ ಬಾಯಿ ಮುಚ್ಚಿಕೊಳ್ಳುವುದು.

"ಬಂದ ಕೂಡ್ಲೇ ಮೂಲೆ ನೋಡ್ತಾಳೆ ಅಂದ್ಕೊಂಡೆ," ಅಕ್ಕ ಮುಂದುವರಿಸಿದಳು. "ಮೊದಲ ದಿನಾನೇ ಹೇಳಿಕೊಟ್ಟಿದ್ದೆ, ಚಿತ್ರ ಆಮೇಲೆ, ಮೂಲೆ ಮೊದಲು ಅಂತ. ಕೂತ್ಲು. ಕೂದಲು ಸರಿ ಮಾಡ್ಕೊಂಡ್ಲು. ನೆಲ ದೂರ ಇದೆ ಅಕ್ಕಾ ಅಂದ್ಲು. ನಕ್ಕೊಂಡು ಅಂದ್ಲು. ಹೇಳೋಣ ಅಂತ ಬಾಯಿ ತೆರೆದೆ, ಮೇಡಂ. ದೇವರಾಣೆ ತೆರೆದೆ."

"ಮತ್ತೆ?"

"ಒಂದೇ ಒಂದು ಸಲ. ಒಂದೇ ಒಂದು ಸಲ ಅವಳೂ ತಪ್ಪು ಮಾಡ್ತಾಳೆ ಅಂತ ನಾಲ್ಕು ಜನ ನೋಡ್ಲಿ ಅನ್ನಿಸ್ತು. ನಾನು ಪರೀಕ್ಷೆ ಪಾಸಾದ್ರೆ ಮನೇಲಿ 'ಸರಿ' ಅಂತಿದ್ರು. ಅವಳು ಪಾಸಾದ್ರೆ ಅಕ್ಕಪಕ್ಕದೋರನ್ನ ಕರೀತಿದ್ರು. ಈ ನಾಲ್ಕನೇ ಪಟ್ಟಿಗೆ ನಾನು ತಲೆ ಕೂದಲು ಬೆಳ್ಳಗೆ ಮಾಡ್ಕೊಂಡೆ. ಅವಳಿಗೆ ತಟ್ಟೇಲಿ ಇಟ್ಟು ಕೊಡ್ತಿದಾರೆ. ಅದೂ ಏನಂತ? ಅಕ್ಕ ಎಷ್ಟು ಚೆನ್ನಾಗಿ ತಯಾರು ಮಾಡಿದಾಳೆ ನೋಡಿ ಅಂತ! ಕತ್ತಿ ಮಸೆದು ಕೊಟ್ಟೋಳಿಗೆ ಅದರಲ್ಲೇ ಏಟು."

"ನಿಮ್ಮ ಹಿಂದೆ ಜನ ಕೂತಿದ್ರು."

"ಇದ್ರು." ಅವಳ ಕಣ್ಣು ತುಂಬಿತು. "ಗುಡ್ಡ ಇನ್ನೂ ದೂರ ಇತ್ತು. ಮಾಮೂಲಿ ದಾರೀಲಿ ಹೋಗಿದ್ರೆ ಗುಡ್ಡ ಸಿಕ್ತಾನೇ ಇರ್ಲಿಲ್ಲ. ಇಳಿದಾದ ಮೇಲೆ ಹೇಳೋಣ, ಬರೆದು ಹಾಕೋಣ ಅಂತಿದ್ದೆ. ಆದ್ರೆ ಕೆಳಗಿನ ಕಂಟ್ರೋಲ್ ಟವರಿನೋರು ರೇಡಿಯೋದಲ್ಲಿ ಗುಡ್ಡದ ಮೇಲಿನ ಅಡ್ಡದಾರಿ ಬೇಕಾ ಅಂತ ಕೇಳಿದ್ರು. ಅವಳು ಬೇಕು ಅಂದ್ಲು, ತಿರುಗಿಸಿದ್ಲು, ಇಳಿಸೋಕೆ ಶುರು ಮಾಡಿದ್ಲು. ಆಗ್ಲೂ ಹೇಳ್ಬಹುದಿತ್ತು. ಈಗ ಹೇಳ್ತೀನಿ, ಈಗ ಹೇಳ್ತೀನಿ ಅಂತಾನೇ..."

ದಾಯಾದಿ ಮತ್ಸರ ಎನ್ನುವುದನ್ನು ಒಂಟಿಕಿವಿ ಆಸ್ತಿಪಾಸ್ತಿಯ ಜಗಳಗಳಲ್ಲಿ ಕೇಳಿದ್ದಳು. ಅದು ಮೋಡದೊಳಗೆ, ಸೀಟಿನ ಬೆಲ್ಟು ಬಿಗಿದುಕೊಂಡು, ಇಷ್ಟು ಸದ್ದಿಲ್ಲದೆ ಕೂತಿರಬಲ್ಲದು ಎಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂದರೆ ಸುಳ್ಳು. ಗೊತ್ತಿತ್ತು. ತನಗೂ ಆ ಸೀಟು ಸಿಕ್ಕಿದ್ದರೆ ತಾನೇನು ಮಾಡುತ್ತಿದ್ದೆ ಎಂಬ ಪ್ರಶ್ನೆಯನ್ನು ಅವಳು ಹತ್ತಿರ ಬರಗೊಡಲಿಲ್ಲ.

"ಇದನ್ನ ಸಭೇಲಿ ಹೇಳ್ತೀರಾ?"

"ಹೇಳಿದ್ರೆ ಅವಳು ಉಳೀತಾಳಾ?"

ಒಂಟಿಕಿವಿ ಉತ್ತರಿಸುವ ಮೊದಲು ಫೋನ್ ಬಡಿದುಕೊಂಡಿತು. ಅವಳು ಅದನ್ನು ಬಲಗಿವಿಗೆ ಒತ್ತಿ ಹಿಡಿದಳು.

"ಮೇಡಂ, ಚಿಪ್ಪು ಬಾಯಿಬಿಡ್ತು," ಎಂಜಿನಿಯರ್ ಏದುಸಿರು ಬಿಡುತ್ತಿದ್ದ. "ಕ್ಯಾಪ್ಟನ್ ಒತ್ತಿಲ್ಲ. ಗುಂಡಿ ಒತ್ತಿರೋದು ಬಾಗಿಲು ತೆಗೆಯೋಕೆ ಮುಂಚೆ. ಅಂದ್ರೆ ತಂಗಿ ಇನ್ನೂ ಸೀಟಲ್ಲೇ ಇದ್ಲು."

"ಸರಿ." ಅವಳು ಅಕ್ಕನ ಕಡೆ ನೋಡಲಿಲ್ಲ. ಅಕ್ಕ ಹೇಳಿದ್ದು ನಿಜ. ಆ ನಿಜದಿಂದ ತಂಗಿ ಉಳಿಯುವುದಿಲ್ಲ, ಇಬ್ಬರೂ ಮುಳುಗುತ್ತಾರೆ. ಒಬ್ಬಳು ಕೈತಪ್ಪಿ ಒತ್ತಿದವಳು, ಇನ್ನೊಬ್ಬಳು ನೋಡಿ ಸುಮ್ಮನಿದ್ದವಳು.

"ಇನ್ನೊಂದಿದೆ. ಕೂತಿದೀರಾ?"

"ಹೇಳು."

"ವಿಮಾನ ಮೇಲೆತ್ತೋ ಹಿಡಿಕೆ ಎರಡು ಸೀಟಿಗೂ ಇರುತ್ತಲ್ಲ, ಯಾವುದರ ಮೇಲೆ ಎಷ್ಟು ಬಲ ಬಿತ್ತು ಅಂತ ದೊಡ್ಡ ಪೆಟ್ಟಿಗೆ ಬೇರೆಬೇರೆ ಬರೀತದೆ. ಎಡಗಡೆ ಏನೂ ಇಲ್ಲ. ಎಳೆದಿರೋದು ಬಲಗಡೆ."

"ಅದು ಗೊತ್ತಿರೋದೇ. ಗುಡ್ಡ ಹತ್ತಿರ ಬಂತು, ಎಚ್ಚರಿಕೆಯ ದನಿ ಕೂಗಿತು, ತಂಗಿ ಎಳೆದ್ಲು."

"ಕೂಗಿದ ಮೇಲಲ್ಲ ಮೇಡಂ. ಅದು ಕೂಗೋಕೆ ಮುಂಚೇನೇ ಎಳೆದಿದಾಳೆ."

"ಸಮಯ ಹೊಂದಿಸೋದ್ರಲ್ಲಿ ತಪ್ಪಾಗಿರ್ಬೇಕು."

"ಮೂರು ಸಲ ಹೊಂದಿಸಿ ನೋಡ್ದೆ. ಮೂರು ಸಲವೂ ಅದೇ ಬಂತು."

ಒಂಟಿಕಿವಿ ಫೋನನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. ಸುತ್ತ ಮೋಡ, ಹಾಲಿನ ಹಾಗೆ. ಮುಂದೆ ಕಪ್ಪು ಪರದೆ, ಅದೂ ಮಳೆಯದ್ದು. ಕೂಗಬೇಕಾದ ಯಂತ್ರ ಇನ್ನೂ ಕೂಗಿಲ್ಲ. ನೆಲವನ್ನು ಎಲ್ಲಿಯೂ ಕಾಣದವಳಿಗೆ ನೆಲ ಬಂತು ಎಂದು ಹೇಗೆ ತಿಳಿಯಿತು?

ಕಾಣಬೇಕಾಗಿಯೇ ಇರಲಿಲ್ಲವಾದರೆ? ಗುಡ್ಡ ಎಲ್ಲಿದೆ, ಯಾವಾಗ ಬರುತ್ತದೆ ಎಂದು ಅಡ್ಡದಾರಿ ಹಿಡಿಯುವಾಗಲೇ ಅವಳಿಗೆ ಗೊತ್ತಿದ್ದರೆ? ಗುಂಡಿಯನ್ನೂ ಬೇಕೆಂದೇ ಒತ್ತಿದ್ದರೆ?

"ಏನಂತೆ?" ಅಕ್ಕ ಕೇಳಿದಳು. "ಮೇಡಂ, ಏನಂತೆ?"

ಬಾಗಿಲು ತೆರೆಯಿತು. ತಂಗಿ ಒಂದು ಲೋಟ ನೀರು ಹಿಡಿದು ನಿಂತಿದ್ದಳು.

"ಸಭೆಗೆ ಕರೀತಿದಾರೆ," ಎಂದು ಲೋಟವನ್ನು ಅಕ್ಕನ ಮುಂದಿಟ್ಟಳು. ಅಕ್ಕನ ಒದ್ದೆ ಕೆನ್ನೆ ನೋಡಿದಳು. ಆಮೇಲೆ ಒಂಟಿಕಿವಿಯ ಕಡೆ ತಿರುಗಿ, ಹವಾಮಾನ ವಿಚಾರಿಸುವಷ್ಟು ಸಲೀಸಾಗಿ ಕೇಳಿದಳು:

"ಹೇಳಿದ್ಲಾ ಮೇಡಂ? ನನ್ನ ಪರದೆ ನೋಡಿನೂ ಸುಮ್ನಿದ್ದೆ ಅಂತ?"

ಬೆಲ್ಟಿನ ಸದ್ದಿನ ವಿಷಯ ಒಂಟಿಕಿವಿ ಎಂಜಿನಿಯರ್ ಹೊರತು ಯಾರ ಬಳಿಯೂ ಆಡಿರಲಿಲ್ಲ.

ಅಕ್ಕ ಕುರ್ಚಿಯಿಂದ ಏಳುತ್ತ ಮೇಜು ಹಿಡಿದುಕೊಂಡಳು. "ನೀನು ಹೊರಗಿದ್ದೆ. ನಾನು ನೋಡಿದ್ದು ನಿಂಗೆ... ನಿಂಗೆ ಯಾರು ಹೇಳಿದ್ದು?"

"ನಾನು ಎದ್ದು ಹೋದ್ರೆ ನೀನು ನೋಡದೇ ಇರ್ತೀಯಾ ಅಕ್ಕಾ? ಹುಟ್ಟಿದಾಗಿಂದ ನೋಡ್ತಾ ಇದೀಯ." ತಂಗಿ ನಕ್ಕಳು. "ಹೇಳ್ತೀಯಾ, ಮುಳುಗಲಿ ಅಂತ ಬಿಡ್ತೀಯಾ ನೋಡೋಣ ಅಂತ ಕಾದೆ. ಎಷ್ಟು ಹೊತ್ತು ಕಾದೆ ಗೊತ್ತಾ?"

"ಅಷ್ಟು ಜನರನ್ನ ಇಟ್ಕೊಂಡು?"

"ನೀನೂ ಅಷ್ಟೇ ಜನರನ್ನ ಇಟ್ಕೊಂಡಿದ್ದೆ."

"ಕ್ಯಾಪ್ಟನ್, ಕೂತ್ಕೊಳ್ಳಿ," ಒಂಟಿಕಿವಿ ನಡುವೆ ಬಂದಳು. "ನೀವೂ ನಿಲ್ಲಿ. ಈ ಮಾತು ನನ್ನ ಮುಂದೆ ಆಡಿದೀರ. ನಾನು ಸಾಕ್ಷಿ."

"ಯಾವ ಮಾತು ಮೇಡಂ?" ತಂಗಿಯ ಮುಖದಲ್ಲಿ ಮತ್ತೆ ಆ ಹೂವಿನಂಥ ಸೌಮ್ಯತೆ. "ನಾನು ಕೈತಪ್ಪಿ ಒತ್ತಿದೆ. ಚಿಕ್ಕವಳು, ಅನುಭವ ಸಾಲದು. ಗುಡ್ಡ ಬಂದಾಗ ಎಳೆದು ಎಲ್ಲರನ್ನೂ ಉಳಿಸಿದೆ. ಕ್ಯಾಪ್ಟನ್ ಎಲ್ಲಾ ಗೊತ್ತಿದ್ದೂ ಸುಮ್ನೆ ಕೂತಿದ್ರು. ಇದಕ್ಕಿಂತ ಹೆಚ್ಚು ಏನಾದ್ರೂ ಹೇಳಬೇಕು ಅಂತಿದ್ರೆ, ಯಾರು ನಂಬ್ತಾರೆ ನೋಡಿ."

ಅವಳು ಬಾಗಿಲನ್ನು ಅಗಲವಾಗಿ ತೆರೆದು ಹಿಡಿದಳು. ಪಡಸಾಲೆಯ ಬೆಂಚಿನಿಂದ ತಾಯಿ ಇಣುಕಿ ನೋಡುತ್ತಿದ್ದರು, ಚಿಕ್ಕವಳನ್ನೇ.

"ಬಾ ಅಕ್ಕಾ," ಎಂದಳು ತಂಗಿ. "ಒಳಗೆ ಮೊದಲು ಬಾಯಿ ಬಿಡೋದು ಯಾರು, ನೋಡೇಬಿಡೋಣ."